ಕಿವಿಯ ತೂತು ಎಂಬ ಚರ್ಮದ ಕೊಳವೆ

ಕಿವಿ ಚುಚ್ಚಲು ಅರೆಕ್ಷಣ ಸಾಕು. ಕಿವಿಯಲ್ಲಿ ತೂತು ಆಗಲು ಆರರಿಂದ ಎಂಟು ವಾರ ಬೇಕು. ಈ ಎರಡನ್ನೂ ಒಂದೇ ಎಂದುಕೊಂಡು ಎರಡನೆಯ ವಾರವೇ ಓಲೆ ಬದಲಿಸಲು ಹೋದವರ ಕಿವಿ ಕೀವು ಕಟ್ಟುತ್ತದೆ. ಸೂಜಿಯಿಂದ ಆಗುವುದು ಗಾಯ ಮಾತ್ರ. ಆ ಗಾಯದ ಒಳಗೋಡೆಗೆ ಚರ್ಮ ಹೊದಿಸಿ ಬಾಳಿಕೆ ಬರುವ ಕೊಳವೆ ಮಾಡುವುದು ನಮ್ಮ ಮೈಯೇ. ಸಾವಿರಾರು ವರ್ಷಗಳಿಂದ ಕಿವಿ, ಮೂಗು, ತುಟಿ ಚುಚ್ಚಿಕೊಂಡ ಎಲ್ಲ ಜನಾಂಗಗಳೂ ಮೈಯ ಈ ಒಂದೇ ಕಸುಬನ್ನು ನೆಚ್ಚಿಕೊಂಡಿದ್ದವು.

ರಕ್ತ ಹೆಪ್ಪುಗಟ್ಟುವುದು, ಬಿಳಿ ರಕ್ತಕಣಗಳು ಓಡಿ ಬರುವುದು, ಸುತ್ತ ಊದಿಕೊಳ್ಳುವುದು ಎಲ್ಲ ಗಾಯಗಳಲ್ಲೂ ಆಗುವಂಥದ್ದೇ. ಸ್ವಾರಸ್ಯವಿರುವುದು ಆಮೇಲಿನ ಘಟ್ಟದಲ್ಲಿ. ಚರ್ಮದ ಮೇಲ್ಪದರದ ಕೋಶಗಳಿಗೆ ಒಂದು ಸ್ವಭಾವವಿದೆ. ನಾಲ್ಕೂ ಪಕ್ಕದಲ್ಲಿ ತಮ್ಮಂಥದೇ ಕೋಶಗಳು ತಾಗಿಕೊಂಡಿರುವ ತನಕ ಅವು ಇದ್ದಲ್ಲೇ ಇರುತ್ತವೆ. ಒಂದು ಪಕ್ಕ ಖಾಲಿಯಾಯಿತೆಂದರೆ ಆ ಕಡೆಗೆ ತೆವಳತೊಡಗುತ್ತವೆ, ಇನ್ನೊಂದು ಕೋಶ ತಾಗುವವರೆಗೂ ನಿಲ್ಲುವುದಿಲ್ಲ. ಸಾಮಾನ್ಯ ಗಾಯದಲ್ಲಿ ಹೀಗೆ ತೆವಳಿದ ಕೋಶಗಳು ಗಾಯದ ನಡುವೆ ಸಂಧಿಸಿ ಬಾಯಿ ಮುಚ್ಚಿಬಿಡುತ್ತವೆ. ಕಿವಿ ಹಾಲೆಯಲ್ಲಿ ದಾರಿಗೆ ಅಡ್ಡವಾಗಿ ಓಲೆಯ ಕಡ್ಡಿ ನಿಂತಿದೆ. ಮುಚ್ಚಲು ಆಗದ ಕೋಶಗಳು ಕಡ್ಡಿಯನ್ನು ಬಳಸಿಕೊಂಡು ಒಳಕ್ಕೆ ಇಳಿಯುತ್ತವೆ. ಮುಂದಿನ ಬಾಯಿಯಿಂದ ಒಂದು ತಂಡ, ಹಿಂದಿನ ಬಾಯಿಯಿಂದ ಇನ್ನೊಂದು ತಂಡ. ಬೆಟ್ಟಕ್ಕೆ ಎರಡೂ ಕಡೆಯಿಂದ ಸುರಂಗ ಕೊರೆಯುವವರು ನಡುವೆ ಕೈಕುಲುಕುವ ಹಾಗೆ ಈ ಎರಡು ತಂಡಗಳೂ ಹಾಲೆಯ ನಡುಮಧ್ಯದಲ್ಲಿ ಸೇರುತ್ತವೆ. ಅವುಗಳ ನಡಿಗೆ ದಿನಕ್ಕೆ ಅರ್ಧ ಮಿಲಿಮೀಟರಿಗೂ ಕಡಿಮೆ.

ಸೇರಿದ ಮಾತ್ರಕ್ಕೆ ಕೆಲಸ ಮುಗಿಯಲಿಲ್ಲ. ಆಗ ಇರುವುದು ಒಂದೆರಡು ಕೋಶಗಳಷ್ಟು ದಪ್ಪದ ಪೊರೆ. ಬಾವಿಯನ್ನು ನೆನೆಸಿಕೊಳ್ಳಿ: ತೋಡಿದ್ದು ಬರೀ ಗುಂಡಿ, ಸುತ್ತ ಕಲ್ಲು ಕಟ್ಟಿದ ಮೇಲೆಯೇ ಅದು ಬಾವಿ. ಕಲ್ಲು ಕಟ್ಟದೆ ಬಿಟ್ಟರೆ ಒಂದು ಮಳೆಗೆ ಮಣ್ಣು ಕುಸಿದು ಮುಚ್ಚಿಹೋಗುತ್ತದೆ. ದರ್ಜಿಯ ಕೆಲಸವೂ ಅಂಥದ್ದೇ. ಬಟ್ಟೆಗೆ ಕತ್ತರಿ ಹಾಕಿದರೆ ಆಗುವುದು ಸೀಳು, ಅದರ ಅಂಚಿಗೆ ಒತ್ತಾಗಿ ದಾರ ಸುತ್ತಿದರೆ ಗುಂಡಿ ಹಾಕುವ ಕಾಜ. ಅಂಚು ಹೊಲಿಯದ ಕಾಜದಲ್ಲಿ ಗುಂಡಿಯನ್ನು ನಾಲ್ಕು ಸಲ ಎಳೆದರೆ ಎಳೆ ಬಿಚ್ಚಿಕೊಳ್ಳುತ್ತದೆ. ಹಸಿ ತೂತಿನಲ್ಲಿ ಓಲೆಯನ್ನು ‘ಅಂಟಿಕೊಳ್ಳದಿರಲಿ’ ಎಂದು ದಿನಾ ತಿರುಗಿಸುವವರು ಮಾಡುವುದು ಇದನ್ನೇ. ಕಡ್ಡಿಯ ಮೇಲೆ ಒಣಗಿದ ಹಕ್ಕಳೆ ಒಳಕ್ಕೆ ಹೋಗಿ, ಆಗಷ್ಟೇ ಕೂತ ಪೊರೆಯನ್ನು ಕೆರೆದು ತೆಗೆಯುತ್ತದೆ. ಕೋಶಗಳು ಮತ್ತೆ ಬಾಗಿಲಿನಿಂದ ಹೊರಡಬೇಕು. ಓಲೆ ತಿರುಗಿಸಿ ಎಂಬ ಸಲಹೆ ಎಷ್ಟು ಹಳೆಯದೋ ಅಷ್ಟೇ ಕೆಟ್ಟದ್ದು.

ಪೊರೆಯ ಹಿಂದೆ ಕೊಲಾಜೆನ್ ಎಳೆಗಳ ಗೋಡೆ ಎದ್ದು ಗಟ್ಟಿಯಾಗಲು ತಿಂಗಳುಗಳು ಹಿಡಿಯುತ್ತವೆ. ಮಾಯುತ್ತಿರುವ ಗಾಯಕ್ಕೆ ಮೂರನೆಯ ವಾರದಲ್ಲಿ ಮೂಲ ಚರ್ಮದ ಶಕ್ತಿಯ ಐದನೆಯ ಒಂದು ಪಾಲು ಮಾತ್ರ ಬಂದಿರುತ್ತದೆ. ಮೂರು ತಿಂಗಳಾದರೂ 80 ಪ್ರತಿಶತವನ್ನು ದಾಟುವುದಿಲ್ಲ. ಎಲ್ಲ ಮುಗಿದ ಮೇಲೆ ಆ ತೂತಿನ ಒಳಭಾಗ ಅಂಗೈ ಬೆನ್ನಿನಷ್ಟೇ ‘ಹೊರಗಡೆ’. ಅಲ್ಲಿಯೂ ಸತ್ತ ಕೋಶಗಳು ಉದುರುತ್ತವೆ. ಹಳೆಯ ಓಲೆ ತೆಗೆದಾಗ ಕಡ್ಡಿಗೆ ಅಂಟಿರುವ ಬಿಳಿಯ, ವಾಸನೆ ಬರುವ ಮೆತ್ತೆ ಅದೇ. ಅದು ಕೀವಲ್ಲ.

ಈಗ ಇತಿಹಾಸವನ್ನು ಈ ಕೊಳವೆಯ ಮೂಲಕವೇ ನೋಡೋಣ. ಆಗ್ನೇಯ ಟರ್ಕಿಯ ಬೊಂಜುಕ್ಲು ತಾರ್ಲಾ ಎಂಬ ನವಶಿಲಾಯುಗದ ನೆಲೆಯಲ್ಲಿ ಸುಮಾರು 11,000 ವರ್ಷ ಹಿಂದಿನ ಸಮಾಧಿಗಳಿವೆ. ಅಲ್ಲಿನ ಅಸ್ಥಿಪಂಜರಗಳ ಕಿವಿಯ ಬಳಿ, ಕೆಳದವಡೆಯ ಬಳಿ ಕಲ್ಲಿನ ಆಭರಣಗಳು ಇದ್ದ ಜಾಗದಲ್ಲೇ ಸಿಕ್ಕವು. ಈ ಅಧ್ಯಯನ ಪ್ರಕಟವಾದದ್ದು 2024ರಲ್ಲಿ. ತುಟಿಯ ಕೆಳಗೆ ಕಲ್ಲು ಧರಿಸಿದವರ ಕೆಳಗಿನ ಮುಂಹಲ್ಲುಗಳು ಅದರ ಉಜ್ಜಾಟಕ್ಕೆ ಸವೆದಿದ್ದವು. ಮಕ್ಕಳ ಸಮಾಧಿಗಳಲ್ಲಿ ಇವು ಇರಲಿಲ್ಲ, ದೊಡ್ಡವರಾದ ಮೇಲೆ ಚುಚ್ಚುತ್ತಿದ್ದರು. ಇಂದು ತುಟಿಗೆ ಲೋಹದ ಕಡ್ಡಿ ಹಾಕಿಸಿಕೊಂಡವರ ಹಲ್ಲು ನೋಡುವ ದಂತವೈದ್ಯರೂ ಅದೇ ಸವೆತವನ್ನು, ಜೊತೆಗೆ ಕೆಳಕ್ಕೆ ಸರಿದ ವಸಡನ್ನು ಕಾಣುತ್ತಾರೆ.

1991ರಲ್ಲಿ ಆಲ್ಪ್ಸ್ ಪರ್ವತದ ಹಿಮದಲ್ಲಿ ಸಿಕ್ಕ 5,300 ವರ್ಷ ಹಳೆಯ ‘ಊಟ್ಸಿ’ ಎಂಬ ಮನುಷ್ಯನ ಶವದ ಕಿವಿ ಹಾಲೆಗಳಲ್ಲಿ 7ರಿಂದ 11 ಮಿಲಿಮೀಟರ್ ಅಗಲದ ತೂತುಗಳಿದ್ದವು. ಅಷ್ಟು ಅಗಲ ಒಂದೇ ಏಟಿಗೆ ಆಗುವಂಥದ್ದಲ್ಲ, ತಿಂಗಳುಗಟ್ಟಲೆ ಹಿಗ್ಗಿಸಿದ್ದು. ಈಜಿಪ್ಟಿನ ದೊರೆ ತುತಾಂಖಾಮೊನ್‌ನ ಚಿನ್ನದ ಮುಖವಾಡಕ್ಕೂ ಕಿವಿ ಚುಚ್ಚಿದೆ. ದಕ್ಷಿಣ ಅಮೆರಿಕದ ಇಂಕಾ ಕುಲೀನರ ಹಾಲೆಗಳಲ್ಲಿ ಎಂಥ ದಪ್ಪ ಬಿಲ್ಲೆಗಳಿದ್ದವೆಂದರೆ ಸ್ಪೇನಿನವರು ಅವರನ್ನು ‘ಒರೆಹೋನೆಸ್’, ಅಂದರೆ ದೊಡ್ಡ ಕಿವಿಯವರು ಎಂದೇ ಕರೆದರು.

ವಿಧಾನವನ್ನು ಅಚ್ಚರಿಯಾಗುವಷ್ಟು ನಿಖರವಾಗಿ ಬರೆದಿಟ್ಟದ್ದು ಸುಶ್ರುತ ಸಂಹಿತೆ. ಅದರ ಸೂತ್ರಸ್ಥಾನದ 16ನೆಯ ಅಧ್ಯಾಯ ಪೂರ್ತಿ ಕಿವಿಯದೇ. ಮಗುವಿಗೆ ಆರು ಅಥವಾ ಏಳನೆಯ ತಿಂಗಳಲ್ಲಿ ಚುಚ್ಚಬೇಕು. ಎಡಗೈಯಲ್ಲಿ ಹಾಲೆಯನ್ನು ಹಿಡಿದೆಳೆದು ಬಿಸಿಲಿಗೆ ಒಡ್ಡಿ, ಬೆಳಕು ಹಾಯುವ ತೆಳು ಜಾಗವನ್ನು ಹುಡುಕಿ, ಅಲ್ಲಿ ನೇರವಾಗಿ ಒಂದೇ ಸಲಕ್ಕೆ ಚುಚ್ಚಬೇಕು. ಹಾಲೆ ತೆಳುವಾಗಿದ್ದರೆ ಸೂಜಿ, ದಪ್ಪವಾಗಿದ್ದರೆ ದಬ್ಬಣ. ಜಾಗ ತಪ್ಪಿತೆಂದು ತಿಳಿಯುವುದು ಹೇಗೆ? ರಕ್ತ ಹೆಚ್ಚು ಹರಿಯುತ್ತದೆ, ನೋವು ಹೆಚ್ಚಿರುತ್ತದೆ. ತಪ್ಪಿಸಬೇಕಾದ ಮೂರು ಸಿರೆಗಳಿಗೆ ಕಾಲಿಕಾ, ಮರ್ಮರಿಕಾ, ಲೋಹಿತಿಕಾ ಎಂಬ ಹೆಸರೂ ಇದೆ. ಲೋಹಿತಿಕೆಗೆ ಏಟು ಬಿದ್ದರೆ ಕತ್ತು ಸೆಟೆದು ಮೈ ಬಿಲ್ಲಿನಂತೆ ಎಳೆಯುತ್ತದೆ ಎಂದಿದೆ. ಇಂದು ಓದುವವರಿಗೆ ಇದು ಧನುರ್ವಾಯುವಿನ ಚಿತ್ರದಂತೆ ಕಾಣುತ್ತದೆ. ಕೊಳೆಯ ಸೂಜಿಯಿಂದ ಹೊಕ್ಕ ಬ್ಯಾಕ್ಟೀರಿಯಾದ ಕೆಲಸವನ್ನು ಸಿರೆಯ ತಲೆಗೆ ಕಟ್ಟಿರಬೇಕು. ಕಾರಣ ತಪ್ಪಿದರೂ ಗಮನಿಸಿದ್ದು ತಪ್ಪಿಲ್ಲ.

ನನಗೆ ಎಲ್ಲಕ್ಕಿಂತ ದೊಡ್ಡದಾಗಿ ಕಾಣುವುದು ಆಮೇಲಿನ ಸೂಚನೆ. ತೂತಿನಲ್ಲಿ ಹತ್ತಿಯ ಬತ್ತಿ ಇಟ್ಟು ಎಣ್ಣೆ ಬಿಡಬೇಕು, ಮೂರು ಮೂರು ದಿನಕ್ಕೊಮ್ಮೆ ಬತ್ತಿಯನ್ನು ಸ್ವಲ್ಪ ಸ್ವಲ್ಪ ದಪ್ಪ ಮಾಡುತ್ತಾ ಹೋಗಬೇಕು. ಕೋಶ ಎಂಬುದು ಇದೆಯೆಂದೇ ಗೊತ್ತಿಲ್ಲದ ಕಾಲದಲ್ಲಿ ಇವರು ಆ ಕೋಶಗಳಿಗೆ ತೆವಳುವ ದಾರಿಯನ್ನು ತೆರೆದಿಟ್ಟರು. ಊದಿಕೊಂಡರೆ ಕಾರಣ ಮೊಂಡಾದ ಸೂಜಿಯೋ, ಡೊಂಕು ಸೂಜಿಯೋ, ಅಳತೆ ಮೀರಿದ ಬತ್ತಿಯೋ ಎಂದು ಪರೀಕ್ಷಿಸಿ ಬತ್ತಿ ತೆಗೆಯಲು ಹೇಳುತ್ತಾರೆ. ಇಲ್ಲಿ ಮಾತ್ರ ಇಂದಿನ ರೂಢಿ ಬೇರೆ. ಕೀವು ಕಟ್ಟಿದಾಗ ಓಲೆ ಕಿತ್ತರೆ ಹೊರಬಾಯಿ ಮುಚ್ಚಿ ಕೀವು ಒಳಗೇ ಉಳಿಯಬಹುದು. ಆದ್ದರಿಂದ ಓಲೆ ಇಟ್ಟುಕೊಂಡೇ ವೈದ್ಯರಿಗೆ ತೋರಿಸುವುದು ಸರಿ. ಚುಚ್ಚುವ ಕಾರಣವಾಗಿ ಆ ಅಧ್ಯಾಯ ಕೊಡುವುದು ಎರಡೇ: ರಕ್ಷೆ ಮತ್ತು ಭೂಷಣ. ಕಿವಿ ಚುಚ್ಚಿದರೆ ಸಿಗುತ್ತವೆಂದು ಈಗ ಹೇಳುವ ನೆನಪಿನ ಶಕ್ತಿ, ಕಣ್ಣಿನ ಚುರುಕು, ಮೆದುಳಿನ ಬೆಳವಣಿಗೆ ಯಾವುದೂ ಅಲ್ಲಿಲ್ಲ.

ಹಾಗಾದರೆ ಅವು ಬಂದದ್ದು ಎಲ್ಲಿಂದ? 1950ರ ದಶಕದಲ್ಲಿ ಫ್ರಾನ್ಸಿನ ಪಾಲ್ ನೋಜಿಯೇ ಎಂಬ ವೈದ್ಯರು ಕಿವಿಯ ಮೇಲೆ ತಲೆಕೆಳಗಾದ ಭ್ರೂಣವನ್ನು ಕಲ್ಪಿಸಿ, ಯಾವ ಬಿಂದು ಯಾವ ಅಂಗಕ್ಕೆ ಎಂದು ನಕಾಶೆ ಬರೆದರು. ಅದರಲ್ಲಿ ಹಾಲೆಯ ನಡುವೆ ಕಣ್ಣಿದೆ. ಕಿವಿಯೋಲೆ ದೃಷ್ಟಿಗೆ ಒಳ್ಳೆಯದು ಎಂಬ ನಂಬಿಕೆ ಯುರೋಪಿನ ನಾವಿಕರಲ್ಲಿ ಅದಕ್ಕೂ ಮೊದಲೇ ಇತ್ತು. ಅಂಗರಚನೆ ಬೇರೆಯೇ ಹೇಳುತ್ತದೆ: ಹಾಲೆಯ ಸ್ಪರ್ಶವನ್ನು ಒಯ್ಯುವ ನರ ಕತ್ತಿನ ಎರಡು, ಮೂರನೆಯ ಬೆನ್ನುಹುರಿ ನರಗಳಿಂದ ಬರುತ್ತದೆ. ಕಣ್ಣಿನ ನರಕ್ಕೂ ಅದಕ್ಕೂ ಸಂಪರ್ಕವೇ ಇಲ್ಲ. ಮೈಗ್ರೇನ್ ವಾಸಿಯಾಗುತ್ತದೆಂದು ಕಿವಿಯ ಒಳಮಡಿಕೆಯ ಮೃದ್ವಸ್ಥಿಗೆ ಚುಚ್ಚಿಸಿಕೊಳ್ಳುವುದು ಈಗ ಹಬ್ಬಿದೆ. ಅದನ್ನು ಸಮರ್ಥಿಸುವ ಗಟ್ಟಿ ಪರೀಕ್ಷೆಗಳಿಲ್ಲ, ಅಪಾಯ ಮಾತ್ರ ನಿಜ.

ಆ ಅಪಾಯವೇನೆಂದರೆ, ಮೃದ್ವಸ್ಥಿಗೆ ತನ್ನದೇ ರಕ್ತನಾಳಗಳಿಲ್ಲ. ಮೇಲೆ ಹೊದ್ದ ತೆಳು ಪೊರೆಯಿಂದ ಜಿನುಗುವ ಪೋಷಕಾಂಶದಲ್ಲೇ ಅದು ಬದುಕಬೇಕು. ಹಾಲೆಯಲ್ಲಿ ಮೃದ್ವಸ್ಥಿ ಇಲ್ಲ, ಕೊಬ್ಬು ಮತ್ತು ರಕ್ತನಾಳಗಳು ಧಾರಾಳವಾಗಿವೆ. ಹೀಗಾಗಿ ಹಾಲೆ ಎರಡು ತಿಂಗಳೊಳಗೆ ಮಾಯ್ದರೆ ಮೇಲ್ಗಿವಿಗೆ ಆರು ತಿಂಗಳಿಂದ ಒಂದು ವರ್ಷ ಬೇಕು. ನಂಜಾದರೆ ರಕ್ತದ ಮೂಲಕ ಹೋಗುವ ಔಷಧಿಯೂ ಅಲ್ಲಿಗೆ ಸರಿಯಾಗಿ ತಲುಪದು. ಪೊರೆ ಮತ್ತು ಮೃದ್ವಸ್ಥಿಯ ನಡುವೆ ಕೀವು ತುಂಬಿದರೆ ಮೃದ್ವಸ್ಥಿ ಸತ್ತು ಕಿವಿ ಮುರುಟಿಕೊಳ್ಳುತ್ತದೆ. 2000ದಲ್ಲಿ ಅಮೆರಿಕದ ಓರೆಗನ್ ರಾಜ್ಯದ ಒಂದು ಆಭರಣ ಮಳಿಗೆಯಲ್ಲಿ ಚುಚ್ಚಿಸಿಕೊಂಡ 7 ಮಂದಿಯ ಮೇಲ್ಗಿವಿಯಲ್ಲಿ ಸ್ಯೂಡೋಮೊನಾಸ್ ಸೋಂಕು ದೃಢಪಟ್ಟಿತು. ಸೋಂಕು ನಿವಾರಕದ ಬಾಟಲಿಯಲ್ಲೇ ಆ ಬ್ಯಾಕ್ಟೀರಿಯಾ ಮನೆ ಮಾಡಿತ್ತು.

ಮೇಲ್ಗಿವಿಗೆ ಸ್ಪ್ರಿಂಗ್ ಗನ್ ಬಳಸಲೇಬಾರದು. ಅದು ಓಲೆಯ ಮೊಂಡು ತುದಿಯನ್ನೇ ಬಲವಾಗಿ ನುಗ್ಗಿಸಿ ಸುತ್ತಲ ಅಂಗಾಂಶವನ್ನು ಜಜ್ಜುತ್ತದೆ. ಪ್ಲಾಸ್ಟಿಕ್ ಮೈಯ ಗನ್ನನ್ನು ಉಪಕರಣಗಳ ಸೂಕ್ಷ್ಮಜೀವಿಗಳನ್ನು ಕೊಲ್ಲುವ ಆಟೋಕ್ಲೇವಿನ 121 ಡಿಗ್ರಿ ಸೆಲ್ಸಿಯಸ್ ಹಬೆಯಲ್ಲಿ ಇಡಲೂ ಆಗದು. ಬಲ್ಲವರು ಒಮ್ಮೆ ಮಾತ್ರ ಬಳಸುವ, ತುದಿ ಓರೆಯಾಗಿ ಹರಿತ ಮಾಡಿದ ಟೊಳ್ಳು ಸೂಜಿಯಿಂದ ಚುಚ್ಚಿ ಅದರ ಹಿಂದೆಯೇ ಆಭರಣವನ್ನು ಜಾರಿಸುತ್ತಾರೆ. ಕಡ್ಡಿ ಸುಮಾರು 1ರಿಂದ 1.2 ಮಿಲಿಮೀಟರ್ ದಪ್ಪ ಇರಲಿ. ಕೂದಲಿನಂಥ ತಂತಿಗೆ ಭಾರದ ಜುಮುಕಿ ತೂಗಿಬಿಟ್ಟರೆ ಅದು ಬೆಣ್ಣೆಯಲ್ಲಿ ದಾರ ಇಳಿದಂತೆ ದಿನದಿನಕ್ಕೂ ಕೆಳಕ್ಕೆ ಕೊಯ್ಯುತ್ತದೆ. ಆರೈಕೆಗೆ ಲೀಟರಿಗೆ 9 ಗ್ರಾಂ ಉಪ್ಪಿನ ಶುದ್ಧ ಸಲೈನ್ ಸಾಕು. ಸ್ಪಿರಿಟ್, ಹೈಡ್ರೋಜನ್ ಪೆರಾಕ್ಸೈಡ್ ಬೇಡ, ಅವು ತೆವಳುತ್ತಿರುವ ಕೋಶಗಳನ್ನೇ ಕೊಲ್ಲುತ್ತವೆ. ಲೋಹದಲ್ಲಿ ಕಾಡುವುದು ನಿಕ್ಕಲ್. ಅದರ ಅಯಾನುಗಳು ಬೆವರಲ್ಲಿ ಕರಗಿ ಚರ್ಮದ ಪ್ರೋಟೀನಿಗೆ ಅಂಟಿದಾಗ ರೋಗನಿರೋಧಕ ಕೋಶಗಳು ಅದನ್ನು ಶತ್ರುವೆಂದು ನೆನಪಿಟ್ಟುಕೊಳ್ಳುತ್ತವೆ, ಮತ್ತೆ ಮರೆಯುವುದಿಲ್ಲ. ಯುರೋಪಿಯನ್ ಒಕ್ಕೂಟ ಚುಚ್ಚಿದ ಜಾಗದ ಆಭರಣದಿಂದ ವಾರಕ್ಕೆ ಚದರ ಸೆಂಟಿಮೀಟರಿಗೆ 0.2 ಮೈಕ್ರೋಗ್ರಾಂಗಿಂತ ಹೆಚ್ಚು ನಿಕ್ಕಲ್ ಹೊರಬರಬಾರದೆಂದು ನಿಯಮ ಮಾಡಿದೆ. ಮೈಯೊಳಗೆ ಅಳವಡಿಸಲು ತಕ್ಕ ಗುಣಮಟ್ಟದ ಟೈಟೇನಿಯಂ ಅಥವಾ ನಿಕ್ಕಲ್ ಬೆರೆಸದ ಒಳ್ಳೆಯ ಚಿನ್ನ ಸುರಕ್ಷಿತ.

ಹಿಗ್ಗಿಸುವುದರಲ್ಲಿ ತಾಳ್ಮೆಯೇ ಸಾಧನ. ಒಂದು ಸಲಕ್ಕೆ 1 ಮಿಲಿಮೀಟರ್ ಮೀರಬಾರದು, ನಡುವೆ ಕಡೇಪಕ್ಷ ಒಂದೆರಡು ತಿಂಗಳ ಬಿಡುವು ಬೇಕು. ಬಲವಂತ ಮಾಡಿದರೆ ಕೊಳವೆಯ ಒಳಪದರ ಹಿಂದಿನ ಬಾಯಿಯಿಂದ ಅಂಗಿಯ ತೋಳು ಮಗುಚಿದಂತೆ ಹೊರಬರುತ್ತದೆ. ಇಥಿಯೋಪಿಯಾದ ಮುರ್ಸಿ ಹುಡುಗಿಯರಿಗೆ ಹದಿನೈದು ಹದಿನಾರರ ವಯಸ್ಸಿನಲ್ಲಿ ಕೆಳತುಟಿ ಸೀಳಿ ಮರದ ಬೆಣೆ ಇಡುತ್ತಾರೆ, ಮಾಯಲು ಸುಮಾರು ಮೂರು ತಿಂಗಳು. ಆಮೇಲೆ ದೊಡ್ಡ ದೊಡ್ಡ ಬೆಣೆಗಳು, ಕೊನೆಗೆ 12 ಸೆಂಟಿಮೀಟರಿಗೂ ಮೀರಬಲ್ಲ ಮಣ್ಣಿನ ಬಿಲ್ಲೆ. ಗುಲಾಮರ ವ್ಯಾಪಾರಿಗಳು ಹೊತ್ತೊಯ್ಯದಿರಲೆಂದು ಹೆಂಗಸರನ್ನು ಕುರೂಪಗೊಳಿಸಲು ಇದು ಹುಟ್ಟಿತು ಎಂಬ ಕತೆ ಎಲ್ಲೆಡೆ ಓಡಾಡುತ್ತಿದೆ. ಅವರ ನಡುವೆ ಕೆಲಸ ಮಾಡಿದ ಮಾನವಶಾಸ್ತ್ರಜ್ಞರು ಇದನ್ನು ಒಪ್ಪುವುದಿಲ್ಲ. ಅವರಲ್ಲಿ ಬಿಲ್ಲೆ ಹೆಣ್ಣಿನ ಹೆಮ್ಮೆಯ ಗುರುತು. ಅಲಾಸ್ಕ ತೀರದ ಟ್ಲಿಂಗಿಟ್ ಜನರಲ್ಲಿ ಮೇಲುದರ್ಜೆಯ ಹೆಂಗಸರು ತುಟಿಗೆ ಬಿಲ್ಲೆ ಧರಿಸುತ್ತಿದ್ದರು, ಗುಲಾಮರಿಗೆ ಅದರ ಹಕ್ಕಿರಲಿಲ್ಲ. ಬ್ರೆಜಿಲಿನ ಕಾಯಾಪೋ ಬುಡಕಟ್ಟಿನ ಮುಖಂಡ ರಾವೊನಿಯ ತುಟಿಯಲ್ಲೂ ಬಿಲ್ಲೆಯಿದೆ. ತಮ್ಮ ಕಣ್ಣಿಗೆ ವಿಕಾರವೆನಿಸಿದ್ದು ಅವರ ಕಣ್ಣಿಗೂ ವಿಕಾರವೇ ಇರಬೇಕು ಎಂದುಕೊಂಡವರು ಹಬ್ಬಿಸಿದ್ದು ಗುಲಾಮರ ವ್ಯಾಪಾರಿಗಳ ಆ ಕತೆ. ರೋಮನ್ ಸೈನಿಕರು ಎದೆಗೆ ಬಳೆ ಚುಚ್ಚಿಸಿಕೊಂಡು ಮೇಲುಹೊದಿಕೆ ಸಿಕ್ಕಿಸುತ್ತಿದ್ದರು ಎಂಬುದೂ ಅಂಥದ್ದೇ. ಅದು 1970ರ ದಶಕದಲ್ಲಿ ಲಾಸ್ ಏಂಜಲೀಸ್‌ನಲ್ಲಿ ಹಂಚಿದ ಕಿರುಹೊತ್ತಿಗೆಯೊಂದರಿಂದ ಹರಡಿತು. ಶಿಲ್ಪಗಳಲ್ಲಿರುವ ಆ ಬಳೆಗಳು ಎದೆಯ ಕವಚಕ್ಕೆ ಸೇರಿದವು.

ಮಲೇಷ್ಯಾದ ಬಾಟು ಗುಹೆಗಳಲ್ಲಿ ಮುರುಗನ ಹಬ್ಬವಾದ ತೈಪೂಸದಂದು ಭಕ್ತರು ಕೆನ್ನೆಯ ಮೂಲಕ ಲೋಹದ ಶೂಲ ಹಾಯಿಸಿಕೊಳ್ಳುತ್ತಾರೆ. ರಕ್ತ ಅಷ್ಟಾಗಿ ಬಾರದಿರುವುದನ್ನೂ ಗುರುತು ಉಳಿಯದಿರುವುದನ್ನೂ ಪವಾಡವೆಂದು ಎಣಿಸುವವರಿದ್ದಾರೆ. ನಯವಾದ ಚೂಪು ಶೂಲ ಅಂಗಾಂಶವನ್ನು ಕತ್ತರಿಸುವುದಕ್ಕಿಂತ ಹೆಚ್ಚಾಗಿ ಬದಿಗೆ ಸರಿಸುತ್ತದೆ, ಹಿಗ್ಗಿದ ಅಂಗಾಂಶ ಲೋಹವನ್ನು ಬಿಗಿಯಾಗಿ ಅಪ್ಪಿ ರಕ್ತವನ್ನು ತಡೆಯುತ್ತದೆ. ಸಂಜೆಯೊಳಗೆ ಶೂಲ ತೆಗೆಯುವುದರಿಂದ ಕೋಶಗಳಿಗೆ ತೆವಳಲು ಹೊತ್ತೇ ಸಿಗುವುದಿಲ್ಲ. ದಾರಿಯ ಎರಡು ಗೋಡೆಗಳು ಹಸಿಯಾಗಿಯೇ ಕೂಡಿಕೊಳ್ಳುತ್ತವೆ. ಮೆಕ್ಸಿಕೋದ ಹಳೆಯ ನಗರ ಯಾಶ್ಚಿಲಾನಿನ ಮಾಯಾ ಶಿಲ್ಪವೊಂದರಲ್ಲಿ, ಈಗ ಅದು ಬ್ರಿಟಿಷ್ ಮ್ಯೂಸಿಯಮ್ಮಿನಲ್ಲಿದೆ, ಕಬಲ್ ಶೋಕ್ ರಾಣಿ ನಾಲಗೆಯ ಮೂಲಕ ಮುಳ್ಳಿನ ಹಗ್ಗ ಎಳೆಯುತ್ತಿದ್ದಾಳೆ. ಕೆತ್ತಿದ ವಿಧಿಯ ದಿನಾಂಕ ಕ್ರಿ.ಶ. 709. ಅಂಥ ಗಾಯವೂ ತೂತಾಗಿ ಉಳಿಯದು, ನಾಲಗೆ ಅಷ್ಟು ಬೇಗ ಮುಚ್ಚಿಕೊಳ್ಳುತ್ತದೆ.

ತದ್ವಿರುದ್ಧ ಸ್ಥಿತಿ ಭಾರಕ್ಕೆ ಹರಿದು ಎರಡು ತುಂಡಾದ ಹಾಲೆಯದು. ವರ್ಷಗಟ್ಟಲೆ ಒತ್ತಿ ಹಿಡಿದರೂ ಅದು ಕೂಡುವುದಿಲ್ಲ. ಎರಡೂ ಅಂಚಿಗೆ ಪೂರ್ತಿ ಚರ್ಮ ಹೊದ್ದಿದೆ, ಚರ್ಮ ಚರ್ಮಕ್ಕೆ ಬೆಸೆಯದು. ಸುಶ್ರುತ ಸಂಹಿತೆ ಇದಕ್ಕೆ 15 ಬಗೆಯ ಜೋಡಣೆಗಳನ್ನು ಹೇಳುತ್ತದೆ. ಜೋಡಿಸುವ ಮೊದಲು ಅಂಚುಗಳನ್ನು ಕತ್ತರಿಸಿಯೋ ಸೀಳಿಯೋ ಕೆರೆದೋ ರಕ್ತ ಕೆಟ್ಟಿದೆಯೇ ಎಂದು ನೋಡಬೇಕು. ಆಮೇಲೆ ಜೇನನ್ನೂ ತುಪ್ಪವನ್ನೂ ಸವರಿ, ಹತ್ತಿಯಿಟ್ಟು, ಬಿಗಿಯೂ ಅಲ್ಲದ ಸಡಿಲವೂ ಅಲ್ಲದ ದಾರದ ಕಟ್ಟು. ಇಂದಿನ ಪ್ಲಾಸ್ಟಿಕ್ ಸರ್ಜನ್ನರೂ ಮೊದಲು ಹಳೆಯ ತೂತಿನ ಒಳಚರ್ಮವನ್ನು ಕೊರೆದು ತೆಗೆದು, ಎರಡೂ ಅಂಚು ಹಸಿಯಾದ ಮೇಲೆಯೇ ಹೊಲಿಗೆ ಹಾಕುತ್ತಾರೆ. ಮತ್ತೆ ಚುಚ್ಚುವುದು ಕೆಲವು ತಿಂಗಳು ಕಾದು, ಹೊಲಿಗೆಯ ಗೆರೆಯನ್ನು ಬಿಟ್ಟು ಪಕ್ಕದಲ್ಲಿ.