ಬೆಂಗಳೂರು–ಸ್ಯಾನ್ ಫ್ರಾನ್ಸಿಸ್ಕೊ: ವಿಮಾನದ ದೂರ, ತಾಸಿನ ಲೆಕ್ಕ

ಅಕ್ಷಾಂಶ, ರೇಖಾಂಶದ ಲೆಕ್ಕದಲ್ಲಿ ನಾನು ಬಹಳ ದಿನ ತಪ್ಪುತ್ತಿದ್ದೆ. ತಿಳಿದದ್ದನ್ನು ಜೊತೆಗೆ ಓದುತ್ತಿರುವವರಿಗಾಗಿ ಬರೆದಿಡುತ್ತಿದ್ದೇನೆ.

ಮೊದಲು ನಮ್ಮೂರಿನಿಂದಲೇ ಶುರು ಮಾಡೋಣ. ರಾಯಚೂರು 16.2° ಉತ್ತರ, ಬೆಂಗಳೂರು 13° ಉತ್ತರ. ರೇಖಾಂಶ ಎರಡಕ್ಕೂ ಹೆಚ್ಚುಕಡಿಮೆ ಒಂದೇ. ಭೂಮಿಯ ಸುತ್ತಳತೆ ಸುಮಾರು 40,000 ಕಿ.ಮೀ., ಅಂದರೆ ಡಿಗ್ರಿಗೆ 111 ಕಿ.ಮೀ. 3.2 × 111 = 355. ಇದು ನೇರ ದೂರ. ಬಸ್ಸಿನಲ್ಲಿ ಹೋದರೆ 400 ದಾಟುತ್ತದೆ.

ಸ್ಯಾನ್ ಫ್ರಾನ್ಸಿಸ್ಕೊ ಇಷ್ಟು ಸುಲಭವಲ್ಲ. ಗೋಡೆಯ ನಕಾಶೆ ನೋಡಿ ನಾನು ಪೆಸಿಫಿಕ್ ಸಾಗರದ ಮೇಲೆ ಅಡ್ಡ ಗೆರೆ ಎಳೆದಿದ್ದೆ. ಗೆಳೆಯ ಹೂ ಕಟ್ಟುವ ದಾರ ತಂದು ಓದುವ ಕೋಣೆಯ ಗ್ಲೋಬಿನ ಮೇಲಿಟ್ಟ. "ಜಗ್ಗಿ ಹಿಡಿ, ದಾರ ತಾನ ದಾರಿ ತೋರಸ್ತದ" ಅಂದ. ಬಿಗಿ ಮಾಡುತ್ತಿದ್ದಂತೆ ದಾರ ಜಾರುತ್ತಾ ಜಾರುತ್ತಾ ಉತ್ತರ ಧ್ರುವದ ಕಡೆಗೆ ಹೋಗಿ ನಿಂತಿತು! 30 ಸೆಂ.ಮೀ. ವ್ಯಾಸದ ಗ್ಲೋಬಿನಲ್ಲಿ 1 ಸೆಂ.ಮೀ. ಅಂದರೆ ಸುಮಾರು 425 ಕಿ.ಮೀ. ದಾರದ ಉದ್ದ 33 ಸೆಂ.ಮೀ., ಅಂದರೆ 14,000 ಕಿ.ಮೀ. ನಕಾಶೆಯ ಅಡ್ಡ ಗೆರೆಯಲ್ಲಿ ಹೋದರೆ 16,000 ದಾಟುತ್ತದೆ. ಚಪ್ಪಟೆ ನಕಾಶೆಯಲ್ಲಿ ನೇರ ಕಂಡದ್ದು ಗುಂಡು ಭೂಮಿಯ ಮೇಲೆ ಸುತ್ತು ದಾರಿ. ಗೋಳದ ಮೇಲಿನ ಈ ಅತಿ ಹತ್ತಿರದ ದಾರಿಗೆ ಮಹಾವೃತ್ತ ಎನ್ನುತ್ತಾರೆ.

ಇನ್ನು ಸಮಯ. ಎಲ್ಲರೂ ಎಡವುವುದು ಇಲ್ಲೇ. ಬೆಂಗಳೂರು 77.6° ಪೂರ್ವ, ಸ್ಯಾನ್ ಫ್ರಾನ್ಸಿಸ್ಕೊ 122.4° ಪಶ್ಚಿಮ. ಒಂದು ಪೂರ್ವ, ಒಂದು ಪಶ್ಚಿಮ ಆದ್ದರಿಂದ ಕೂಡಿಸಬೇಕು: 77.6 + 122.4 = 200°. ಡಿಗ್ರಿಗೆ 4 ನಿಮಿಷದಂತೆ 13 ತಾಸು 20 ನಿಮಿಷ. ಆದರೆ ಅದು ಸೂರ್ಯನ ಲೆಕ್ಕ, ಅಂದರೆ ಸ್ಥಳೀಯ ಸಮಯ. ಗಡಿಯಾರ, ಅಂದರೆ ಪ್ರಮಾಣ ಸಮಯ, ನಡೆಯುವುದು ನಮ್ಮಲ್ಲಿ 82.5° ಪೂರ್ವದ ಮೇಲೆ, ಅಲ್ಲಿ 120° ಪಶ್ಚಿಮದ ಮೇಲೆ. ಕೂಡಿಸಿದರೆ 202.5°, ಅಂದರೆ 13 ತಾಸು 30 ನಿಮಿಷ. ಪರೀಕ್ಷೆಯ ಪ್ರಶ್ನೆಯಲ್ಲಿ 'ಸ್ಥಳೀಯ ಸಮಯ' ಎಂದಿದೆಯೋ 'ಪ್ರಮಾಣ ಸಮಯ' ಎಂದಿದೆಯೋ ದಯವಿಟ್ಟು ಎರಡು ಸಲ ಓದಿ.

2021ರ ಜನವರಿ 9ರ ರಾತ್ರಿ ಸುಮಾರು 8.30ಕ್ಕೆ ಸ್ಯಾನ್ ಫ್ರಾನ್ಸಿಸ್ಕೊದಿಂದ ಏರ್ ಇಂಡಿಯಾ ವಿಮಾನ ಹೊರಟಿತು. ಪೈಲಟ್‌ಗಳೆಲ್ಲ ಮಹಿಳೆಯರು, ಮುಂದಾಳು ಕ್ಯಾಪ್ಟನ್ ಜೋಯಾ ಅಗರ್ವಾಲ್. ಧ್ರುವದ ದಾರಿ ಹಿಡಿದು ಅವರು ಬೆಂಗಳೂರಿಗೆ ಇಳಿದದ್ದು 11ರ ನಸುಕಿನಲ್ಲಿ. ತಾರೀಖು ನೋಡಿದರೆ ಎರಡು ದಿನ ಕಳೆದಂತಿದೆ. ಹೊರಟ ಹೊತ್ತನ್ನು ನಮ್ಮ ಗಡಿಯಾರಕ್ಕೆ ತನ್ನಿ: 10ರ ಬೆಳಿಗ್ಗೆ 10 ಗಂಟೆ. ಅಲ್ಲಿಂದ ಎಣಿಸಿದರೆ ಪ್ರಯಾಣ 17 ತಾಸಿನ ಮೇಲೆ, ಅಷ್ಟೆ.

14,000ವನ್ನು ತಾಸಿಗೆ 900 ಕಿ.ಮೀ. ವೇಗದಿಂದ ಭಾಗಿಸಿದರೆ ಹದಿನೈದೂವರೆ ತಾಸೇ ಬರುತ್ತದೆ. ಉಳಿದದ್ದು ರನ್‌ವೇ ಓಡಾಟಕ್ಕೆ, ಏರಿಳಿತಕ್ಕೆ, ಸ್ವಲ್ಪ ಬಳಸಿ ಹೋಗುವುದಕ್ಕೆ, ಗಾಳಿಗೆ. ಗಾಳಿಯ ಪಾಲು ಸಣ್ಣದಲ್ಲ: ಜೆಟ್ ಪ್ರವಾಹ (ಬಹಳ ಎತ್ತರದ ಜೋರು ಗಾಳಿ) ಪಶ್ಚಿಮದಿಂದ ಪೂರ್ವಕ್ಕೆ ಬೀಸುವುದರಿಂದ ಲಂಡನ್–ನ್ಯೂಯಾರ್ಕ್ ಹೋಗಲು ಸುಮಾರು 8 ತಾಸು, ಬರಲು ಸುಮಾರು 7.

ಇನ್ನೊಂದು ಮಾತು. ಮಾರ್ಚ್‌ನಿಂದ ನವೆಂಬರ್‌ವರೆಗೆ ಸ್ಯಾನ್ ಫ್ರಾನ್ಸಿಸ್ಕೊದಲ್ಲಿ ಗಡಿಯಾರವನ್ನು ಒಂದು ತಾಸು ಮುಂದಿಡುತ್ತಾರೆ; ಆಗ ಅಂತರ 12 ತಾಸು 30 ನಿಮಿಷ.