ಸಂಘದ ವಿಳಾಸ ಪುಸ್ತಕ ಸೆಕ್ರೆಟರಿಯ ಜೇಬಿಗೆ ಹೋದ ಕಥೆ

ಕಳೆದ ತಿಂಗಳು ನಮ್ಮ ಸಂಘದ ಸಮಿತಿ ಸಭೆಯಲ್ಲಿ ಒಂದು ಗಂಟೆ ಬರೀ ಒಂದೇ ಮಾತು. ವಾರ್ಷಿಕೋತ್ಸವದ ಸುದ್ದಿಯನ್ನು ಜನರಿಗೆ ಮುಟ್ಟಿಸುವುದು ಹೇಗೆ? ಎಸ್ಸೆಮ್ಮೆಸ್ ಕಳಿಸೋಣ ಅಂದರೆ ಡಿಎಲ್‌ಟಿ, ಅಂದರೆ ಸಂಸ್ಥೆಗಳು ಸಾಮೂಹಿಕ ಸಂದೇಶ ಕಳಿಸಲು ಮಾಡಿಸಬೇಕಾದ ನೋಂದಣಿ, ಆಗಿಲ್ಲ. ವಾಟ್ಸಾಪ್ ಗ್ರೂಪಿಗೆ ಹಾಕೋಣ ಅಂದರೆ ಅರ್ಧ ಜನ ಅದನ್ನು ಮ್ಯೂಟ್ ಮಾಡಿಟ್ಟಿದ್ದಾರೆ. ಒಂದೇ ಸಂದೇಶವನ್ನು ಎಲ್ಲರಿಗೂ ಬೇರೆ ಬೇರೆಯಾಗಿ ಮುಟ್ಟಿಸುವ ವಾಟ್ಸಾಪ್ ಬ್ರಾಡ್‌ಕಾಸ್ಟ್ ಪಟ್ಟಿ ಒಂದಿದೆ. ಆದರೆ ಅದು ಹಿಂದಿನ ಸೆಕ್ರೆಟರಿಯ ಫೋನಿನಲ್ಲಿದೆ, ಅವರು ಈಗ ಶಾರ್ಜಾದಲ್ಲಿದ್ದಾರೆ. ಕೊನೆಗೆ ಹಿರಿಯರೊಬ್ಬರು, “ಒಂದು ಕಾರ್ಡು ಬರೆದು ಹಾಕಿದ್ರೆ ಆಗ್ತಿತ್ತು ಮಾರಾಯ್ರೆ” ಅಂದರು. ಎಲ್ಲರೂ ನಕ್ಕೆವು. ಆಮೇಲೆ ಯೋಚಿಸಿದರೆ ಅದು ನಗುವ ಮಾತಾಗಿರಲಿಲ್ಲ.

ಕಾಸರಗೋಡಿನಲ್ಲಿ ಸಂಘಗಳಿಗೆ ಬರವಿಲ್ಲ. ಗ್ರಂಥಾಲಯ, ಯಕ್ಷಗಾನ ಕಲಾಸಂಘ, ಯುವಕ ಮಂಡಲ, ಕನ್ನಡ ಶಾಲೆಯ ಹಳೆ ವಿದ್ಯಾರ್ಥಿಗಳ ಬಳಗ, ಯಾರದೋ ಶಸ್ತ್ರಚಿಕಿತ್ಸೆಗೆ ದುಡ್ಡು ಕೂಡಿಸಲು ಹುಟ್ಟುವ ಸಹಾಯ ಸಮಿತಿ. ಎಲ್ಲಕ್ಕೂ ಜನ ಬೇಕು, ದುಡ್ಡೂ ಬೇಕು. ಎರಡೂ ಈಗ ಮೊಬೈಲಿನ ದಾರಿಯಲ್ಲೇ ಬರಬೇಕು. ಆ ದಾರಿ ಇಷ್ಟು ಗೋಜಲಾಗಿದ್ದು ಒಂದೇ ದಿನದಲ್ಲಿ ಅಲ್ಲ.

1956ರ ನವೆಂಬರ್ 1ರಂದು ಕಾಸರಗೋಡು ಕೇರಳಕ್ಕೆ ಸೇರಿದ ಮೇಲೆ ಸುಮಾರು 40 ವರ್ಷ ರಶೀದಿ ಪುಸ್ತಕ, ಪೋಸ್ಟ್ ಕಾರ್ಡು ಮತ್ತು ಭಾನುವಾರದ ತಿರುಗಾಟ, ಅಷ್ಟೇ. ಆ ಕಾಲದ ವಿಳಾಸದ ರಿಜಿಸ್ಟರ್ ಒಂದು ನಮ್ಮ ಕಪಾಟಿನಲ್ಲಿ ಇನ್ನೂ ಇದೆ. ಮನೆ ಹೆಸರು, ಪೋಸ್ಟು, ಕೊಟ್ಟ ವಂತಿಗೆ. ಅಂಚಿನಲ್ಲಿ ಪೆನ್ಸಿಲ್ ಟಿಪ್ಪಣಿ: “ಮಗಳನ್ನು ಸುಳ್ಯಕ್ಕೆ ಕೊಟ್ಟಿದೆ”, “ಅಡಿಕೆ ಮಾರಿದ ಮೇಲೆ ಹೋಗುವುದು”. ಮಾರ್ಕೆಟಿಂಗ್ ಕಲಿತವರು ಇಂಥದ್ದಕ್ಕೆ ಏನೇನೋ ದೊಡ್ಡ ಹೆಸರು ಇಟ್ಟಿರಬಹುದು. ನಮ್ಮ ಖಜಾಂಚಿಗಳಿಗೆ ಅದು ಬರೀ ನೆನಪಿನ ಗುರುತು.

ದೇಶದ ಮೊದಲ ಮೊಬೈಲ್ ಕರೆ ಹೋದದ್ದು 1995ರ ಜುಲೈ 31ರಂದು, ಕೋಲ್ಕತ್ತಾದಿಂದ ದೆಹಲಿಗೆ. ನಮ್ಮ ಕಡೆ ಫೋನು ಜನರ ಕೈಗೆ ಬಂದದ್ದು ಎಷ್ಟೋ ತಡವಾಗಿ. 2003ರಲ್ಲಿ ಒಳಬರುವ ಕರೆ ಉಚಿತವಾದ ಮೇಲೆಯೇ ಸಾಮಾನ್ಯರಿಗೆ ಧೈರ್ಯ ಬಂತು. ಆದರೆ ಗಡಿಯಲ್ಲಿ ಇನ್ನೊಂದು ತಾಪತ್ರಯ ಇತ್ತು. ಮಂಗಳೂರಿನಲ್ಲಿ ಕೆಲಸ ಮಾಡುವವರ ಹತ್ತಿರ ಕರ್ನಾಟಕದ ಸಿಮ್. ತಲಪಾಡಿಯ ಗಡಿ ದಾಟಿ ಮನೆಗೆ ಬಂದರೆ ರೋಮಿಂಗ್, ಬಂದ ಕಾಲ್ ಎತ್ತಿದರೂ ದುಡ್ಡು ಕಟ್. ಹಾಗಾಗಿ ಒಬ್ಬೊಬ್ಬರಿಗೆ ಎರಡೆರಡು ನಂಬರ್. ಊರಿನದೊಂದು, ಕೆಲಸದ್ದೊಂದು. ಸಂಘದ ಪಟ್ಟಿಯಲ್ಲಿ ಯಾವುದನ್ನು ಬರೆಯುವುದು? ಇಲ್ಲಿಂದಲೇ ರಿಜಿಸ್ಟರ್ ಹಳೆಯದಾಗತೊಡಗಿತು. ಸಿಮ್ ಬದಲಾದಾಗ ಯಾರೂ ಸಂಘಕ್ಕೆ ಬಂದು ಹೇಳುವುದಿಲ್ಲ ಅಲ್ವಾ?

ಎಸ್ಸೆಮ್ಮೆಸ್ ಕಾಲವನ್ನು ನಾನು ಹತ್ತಿರದಿಂದ ಕಂಡಿದ್ದೇನೆ. ಸಂದೇಶ ಟೈಪ್ ಮಾಡುವ ಕೆಲಸ ನನ್ನದೇ ಆಗಿತ್ತು. ಆಗ ಎಷ್ಟೋ ಫೋನುಗಳಲ್ಲಿ ಕನ್ನಡ ಬಂದರೆ ಚೌಕ ಪೆಟ್ಟಿಗೆಗಳೇ ಕಾಣುತ್ತಿದ್ದವು. ಹಾಗಾಗಿ ಇಂಗ್ಲಿಷ್ ಅಕ್ಷರದಲ್ಲಿ ಕನ್ನಡ ಬರೆಯುತ್ತಿದ್ದೆವು. ಮಹಾಸಭೆಯೋ ಮಹಾ ಸಭೆಯೋ ಎಂದು ಜಗಳವಾಡುವ ಹಿರಿಯರಿಗೆ ಅದನ್ನು ನೋಡಿದರೆ ಮೈಯೆಲ್ಲ ಉರಿ.

ಕನ್ನಡ ಲಿಪಿ ಬಂದ ಮೇಲೆ ಸಮಸ್ಯೆ ಮುಗಿಯಲಿಲ್ಲ, ಬದಲಾಯಿತು. ಇಂಗ್ಲಿಷ್ ಅಕ್ಷರದ ಒಂದು ಎಸ್ಸೆಮ್ಮೆಸ್‌ನಲ್ಲಿ 160 ಅಕ್ಷರ ಹಿಡಿಯುತ್ತದೆ. ಕನ್ನಡ ಲಿಪಿಯಾದರೆ 70 ಮಾತ್ರ. ಆ ಎಪ್ಪತ್ತರಲ್ಲೂ ಗುಣಿತ, ಒತ್ತು ಎಲ್ಲವೂ ಬೇರೆ ಬೇರೆ ಲೆಕ್ಕ. ‘ಲಕ್ಷ್ಮೀ’ ಅಂತ ಬರೆದರೆ ಕಣ್ಣಿಗೆ ಕಾಣುವುದು ಎರಡು ಅಕ್ಷರ, ಯಂತ್ರಕ್ಕೆ ಏಳು. “ಜನವರಿ 12, ಭಾನುವಾರ ಸಂಜೆ 4ಕ್ಕೆ ವಾರ್ಷಿಕ ಮಹಾಸಭೆ. ತಪ್ಪದೆ ಬನ್ನಿ.” ಇಷ್ಟಕ್ಕೇ 58 ಆಯಿತು. ಸಂಘದ ಹೆಸರು, ಸಭೆಯ ಸ್ಥಳ ಇನ್ನೂ ಬಾಕಿ, ಉಳಿದದ್ದು 12. ಎಪ್ಪತ್ತು ದಾಟಿದರೆ ಸಂದೇಶ ತುಂಡಾಗುತ್ತದೆ, ತುಂಡೊಂದಕ್ಕೆ 67ರ ಲೆಕ್ಕ, ದರವೂ ಅಷ್ಟು ಪಟ್ಟು. ಕನ್ನಡದಲ್ಲಿ ಕರೆದರೆ ಜಾಸ್ತಿ ದುಡ್ಡು. ಕನ್ನಡ ಉಳಿಸಲು ಹುಟ್ಟಿದ ಸಂಘಗಳು ಕೂಡ ಈ ಲೆಕ್ಕಕ್ಕೆ ಸೋತು ಇಂಗ್ಲಿಷ್ ಅಕ್ಷರಕ್ಕೇ ಮರಳಿದ್ದನ್ನು ನೋಡಿದ್ದೇನೆ. ನಾವೂ ಮರಳಿದೆವು. ಮೊದಲು ಬಿಟ್ಟದ್ದು ‘ಮಾನ್ಯರೇ’, ಆಮೇಲೆ ‘ದಯವಿಟ್ಟು’. ಕರೆಯೋಲೆ ನೋಟೀಸಿನ ಹಾಗಾಯಿತು.

ಅಷ್ಟರಲ್ಲಿ ಎಲ್ಲರ ಫೋನಿನಲ್ಲೂ ಸಾಲ, ಸೈಟು, ರಿಂಗ್‌ಟೋನ್ ಮಾರುವವರ ಕಾಟ ಶುರುವಾಗಿತ್ತು. 2007ರಲ್ಲಿ ಬೇಡದ ಕರೆಗಳನ್ನು ತಡೆಯುವ ಪಟ್ಟಿ ಬಂತು. 2011ರ ಸೆಪ್ಟೆಂಬರ್ 27ರಿಂದ ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರವಾದ ಟ್ರಾಯ್ ಒಂದು ಸಿಮ್‌ನಿಂದ ದಿನಕ್ಕೆ 100 ಎಸ್ಸೆಮ್ಮೆಸ್ ಅಂತ ಮಿತಿ ಹಾಕಿತು, ನವೆಂಬರ್‌ನಲ್ಲಿ ಅದನ್ನು 200 ಮಾಡಿತು. ಹಿಡಿಯಲು ಹೊರಟದ್ದು ವ್ಯಾಪಾರಿಗಳನ್ನು, ಬಲೆಗೆ ಬಿದ್ದವರಲ್ಲಿ ನಾವೂ ಇದ್ದೆವು. ಮರುವರ್ಷ ಆಗಸ್ಟ್‌ನಲ್ಲಿ ಈಶಾನ್ಯ ರಾಜ್ಯಗಳ ಜನರ ಬಗ್ಗೆ ವದಂತಿ ಹಬ್ಬಿ ಬೆಂಗಳೂರಿನಿಂದ ರೈಲು ತುಂಬಾ ಜನ ಹೊರಟಾಗ, ಸರ್ಕಾರ 15 ದಿನ ಒಟ್ಟಿಗೆ ಐದಕ್ಕಿಂತ ಜಾಸ್ತಿ ಎಸ್ಸೆಮ್ಮೆಸ್ ಕಳಿಸದ ಹಾಗೆ ಮಾಡಿತು. ಸರಿಯಾದ ಕ್ರಮವೇ ಇರಬಹುದು. ಸ್ವಾತಂತ್ರ್ಯ ದಿನ ಕಳೆದು ಚೌತಿಯ ತಯಾರಿಯಲ್ಲಿದ್ದ ಸಂಘಗಳಿಗೆ ಮಾತ್ರ ಬಾಯಿ ಕಟ್ಟಿದ ಹಾಗಾಗಿತ್ತು.

ಮಿಸ್ಡ್ ಕಾಲ್ ನಮ್ಮ ಜನ ಯಾರಿಂದಲೂ ಕಲಿಯದೆ ಕಂಡುಕೊಂಡ ವಿದ್ಯೆ. ಒಂದು ರಿಂಗ್ ಅಂದರೆ ತಲುಪಿದೆ, ಎರಡು ಅಂದರೆ ಬಸ್ಸು ಸಿಕ್ಕಿಲ್ಲ. 2010ರಲ್ಲಿ ಬೆಂಗಳೂರಿನಲ್ಲಿ ಶುರುವಾದ ಜಿಪ್‌ಡಯಲ್ ಕಂಪನಿ ಇದನ್ನೇ ವ್ಯಾಪಾರ ಮಾಡಿತು. 2015ರಲ್ಲಿ ಟ್ವಿಟರ್ ಅದನ್ನು ಕೊಂಡಿತು. 2011ರ ಭ್ರಷ್ಟಾಚಾರ ವಿರೋಧಿ ಚಳವಳಿಯೂ ಬೆಂಬಲ ಕೂಡಿಸಿದ್ದು ಮಿಸ್ಡ್ ಕಾಲ್‌ನಲ್ಲೇ. ಒಳ್ಳೆಯ ಉಪಾಯ, ಕೊಡುವವನಿಗೆ ಖರ್ಚಿಲ್ಲ. ಆದರೆ ನಂಬರ್ ಮಾತ್ರ ಸಿಗುತ್ತದೆ, ಮನುಷ್ಯ ಸಿಗುವುದಿಲ್ಲ. ರಕ್ತದಾನಿಗಳ ಪಟ್ಟಿಗೆ ನಾವೂ ಇದನ್ನು ಮಾಡಿ ನೋಡಿದೆವು. ಮಿಸ್ಡ್ ಕಾಲ್ ಕೊಟ್ಟವರಿಗೆ ತಿರುಗಿ ಫೋನ್ ಮಾಡಿ ಹೆಸರು, ಊರು, ರಕ್ತದ ಗುಂಪು ಕೇಳುವ ವ್ಯವಧಾನ ಯಾರಿಗೂ ಇರಲಿಲ್ಲ.

2016ರ ಸೆಪ್ಟೆಂಬರ್‌ನಲ್ಲಿ ಜಿಯೋ ಬಂತು, ಡೇಟಾ ಅಗ್ಗವಾಯಿತು, ಸಂಘಗಳೆಲ್ಲ ವಾಟ್ಸಾಪಿಗೆ ಹೋದವು. 70 ಅಕ್ಷರದ ಜೈಲಿನಿಂದ ಕನ್ನಡಕ್ಕೆ ಬಿಡುಗಡೆ. ಗ್ರೂಪಿಗೆ ಆಗ 256 ಮಂದಿಯ ಮಿತಿ, ಈಗ 1,024. 2018ರ ಜುಲೈನಲ್ಲಿ, ವದಂತಿ ನಂಬಿ ಜನರನ್ನು ಹೊಡೆದು ಕೊಂದ ಘಟನೆಗಳ ನಂತರ, ಫಾರ್ವರ್ಡ್ ಮಾಡುವುದಕ್ಕೆ ಒಮ್ಮೆಗೆ ಐದು ಚಾಟ್ ಎಂಬ ಮಿತಿ ಭಾರತಕ್ಕೆ ಬಂತು. 2020ರ ಮಾರ್ಚ್‌ನಲ್ಲಿ ತಲಪಾಡಿಯ ದಾರಿ ಮುಚ್ಚಿದಾಗ, ಮಂಗಳೂರಿನ ಆಸ್ಪತ್ರೆಗಳನ್ನೇ ನಂಬಿದ್ದವರು ಇಲ್ಲಿ ಸಿಕ್ಕಿಬಿದ್ದರು. ಆಗ ಯಕ್ಷಗಾನದ ಗ್ರೂಪಿನಲ್ಲಿ ಮದ್ದಿನ ಚೀಟಿಗಳ ಫೋಟೋ ಓಡಾಡಿದವು. ಸಂಘದ ಗ್ರೂಪಿಗೆ ಬೆಲೆ ಬಂದದ್ದು ಆಗಲೇ ಅಂತ ನನಗನ್ನಿಸುತ್ತದೆ.

ಆ ಬೆಲೆ ಇಳಿದದ್ದೂ ಬೇಗನೇ. ದಿನಕ್ಕೊಂದು ಚಿಕಿತ್ಸೆಯ ಪೋಸ್ಟರ್, ಕೆಳಗೆ ಕ್ಯೂಆರ್ ಕೋಡ್. ಒಂದೇ ಮಗುವಿನ ಫೋಟೋ ಎರಡು ವರ್ಷ ಬಿಟ್ಟು ಮತ್ತೆ ಬರುತ್ತದೆ. ಆ ಮಗು ಗುಣವಾಯಿತೋ ಇಲ್ಲವೋ ಯಾರೂ ಹೇಳುವುದಿಲ್ಲ. ಕೊಟ್ಟವರಿಗೆ ಒಂದು ಮಾತು ತಿರುಗಿ ಹೇಳುವ ಅಭ್ಯಾಸ ರಶೀದಿ ಪುಸ್ತಕದ ಜೊತೆಯಲ್ಲೇ ಹೋಯಿತು.

ಬ್ರಾಡ್‌ಕಾಸ್ಟ್ ಪಟ್ಟಿ ಇದಕ್ಕಿಂತ ಒಳ್ಳೆಯದು ಎನ್ನುವವರಿದ್ದಾರೆ. ಅದು ಒಬ್ಬೊಬ್ಬರಿಗೂ ಬೇರೆಯಾಗಿ ಹೋಗುತ್ತದೆ, ಹೌದು. ಆದರೆ ಕಳಿಸುವವರ ನಂಬರನ್ನು ಸೇವ್ ಮಾಡಿಕೊಂಡವರಿಗೆ ಮಾತ್ರ. ನಮ್ಮಲ್ಲಿ ಎರಡು ವರ್ಷಕ್ಕೊಮ್ಮೆ ಸೆಕ್ರೆಟರಿ ಬದಲು. ಹೊಸಬರು ತಮ್ಮ ಸ್ವಂತ ನಂಬರಿನಿಂದ ಕಳಿಸುತ್ತಾರೆ. ಜನರ ಫೋನಿನಲ್ಲಿರುವುದು ಹಳಬರ ನಂಬರ್. ಸಂದೇಶ ಹೋಯಿತು ಅಂತ ಸೆಕ್ರೆಟರಿ ಅಂದುಕೊಳ್ಳುತ್ತಾರೆ, ಸಂಘ ಸುಮ್ಮನಾಗಿದೆ ಅಂತ ಜನ ಅಂದುಕೊಳ್ಳುತ್ತಾರೆ. 2018ರಲ್ಲೇ ವಾಟ್ಸಾಪ್ ಬಿಸಿನೆಸ್ ಬಂದಿದೆ. ಸಂಘದ್ದೇ ಒಂದು ಸಿಮ್‌ನಲ್ಲಿ ಅದನ್ನು ಹಾಕಿಟ್ಟರೆ ಅರ್ಧ ತಲೆನೋವು ಇರುತ್ತಿರಲಿಲ್ಲ.

ಎಸ್ಸೆಮ್ಮೆಸ್‌ಗೆ ಮರಳೋಣ ಅಂದವರಿಗೆ ಎದುರಾದದ್ದು ಡಿಎಲ್‌ಟಿ. 2018ರ ನಿಯಮ 2021ರ ಮಾರ್ಚ್ 8ರಂದು ಬಿಗಿಯಾಯಿತು, ಆ ದಿನ ಬ್ಯಾಂಕುಗಳ ಒಟಿಪಿ ಕೂಡ ನಿಂತಿತು. ಕಳಿಸುವ ಸಂಸ್ಥೆ, ಆರು ಅಕ್ಷರದ ಹೆಸರು, ಸಂದೇಶದ ಮಾದರಿ, ಎಲ್ಲ ಮೊದಲೇ ನೋಂದಾಯಿಸಬೇಕು. ನಮಗೆ ಅಡ್ಡ ಬಂದದ್ದು ಒಂದೇ ಅಕ್ಷರ. ನೋಂದಣಿ ಪತ್ರದಲ್ಲಿ ‘ಸಂಘಂ’, ಪಾನ್ ಕಾರ್ಡಿನಲ್ಲಿ ‘ಸಂಘ’. ಗಡಿನಾಡಿನಲ್ಲಿ ಇದು ಯಾರ ತಪ್ಪೂ ಅಲ್ಲ, ಬರೆದವರ ಮಾತೃಭಾಷೆ ಯಾವುದೋ ಹಾಗೆ. ಅರ್ಜಿ ಎರಡು ಸಲ ತಿರುಗಿ ಬಂತು. ಮೂರನೇ ಸಲ ಹಾಕುವ ಉತ್ಸಾಹ ಉಳಿಯಲಿಲ್ಲ.

ದುಡ್ಡಿನ ದಾರಿ ಸಲೀಸಾಗಿದೆ, ಲೆಕ್ಕದ ದಾರಿ ಅಲ್ಲ. ಯುಪಿಐಯಲ್ಲಿ 500 ರೂಪಾಯಿ ಬಂತು, ಹೆಸರೂ ಬಂತು. ಅದೇ ಹೆಸರಿನವರು ನಮ್ಮಲ್ಲಿ ಮೂವರು. ಕೊಟ್ಟವರಿಗೆ ತೆರಿಗೆ ರಿಯಾಯಿತಿ ಸಿಗುವ ಸಂಸ್ಥೆಯಾದರೆ ಅವರ ವಿವರವನ್ನು ತೆರಿಗೆ ಇಲಾಖೆಗೆ ಕೊಡಬೇಕು, ಅದಕ್ಕೆ ವಿಳಾಸ, ಗುರುತಿನ ನಂಬರ್ ಬೇಕು. ಗಲ್ಫ್‌ನ ಕೆಲವು ದೇಶಗಳಲ್ಲಿರುವವರಿಗೂ 2023ರಿಂದ ಅಲ್ಲಿನ ನಂಬರಿನಲ್ಲೇ ಯುಪಿಐ ಅವಕಾಶ ಇದೆ, ಅನಿವಾಸಿಗಳಿಗೆ ಇರುವ ಎನ್ಆರ್‌ಇ ಅಥವಾ ಎನ್ಆರ್‌ಒ ಬ್ಯಾಂಕ್ ಖಾತೆ ಇರಬೇಕು. ಭಾರತದ ಪಾಸ್‌ಪೋರ್ಟ್ ಇರುವವರ ಸ್ವಂತ ಉಳಿತಾಯ ಬ್ಯಾಂಕಿನ ಮೂಲಕ ಬಂದರೆ ಅದು ವಿದೇಶಿ ದೇಣಿಗೆ ಅಲ್ಲ. ಬೇರೆ ದೇಶದ ಪೌರತ್ವ ಪಡೆದವರದ್ದಾದರೆ ಹೌದು, ಅದಕ್ಕೆ ಎಫ್‌ಸಿಆರ್‌ಎ, ಅಂದರೆ ವಿದೇಶಿ ದೇಣಿಗೆ ಕಾಯ್ದೆಯ ಅನುಮತಿ ಬೇಕು. ದುಡ್ಡು ಕಳಿಸಿದವರ ಕೈಯಲ್ಲಿ ಯಾವ ಪಾಸ್‌ಪೋರ್ಟ್ ಅಂತ ಕ್ಯೂಆರ್ ಕೋಡ್ ಹೇಳುವುದಿಲ್ಲ. ಹಳೆಯ ರಿಜಿಸ್ಟರ್ ಆದರೆ ಹೇಳುತ್ತಿತ್ತು.

ಮತ್ತೆ ಭಾಷೆಯ ಮಾತು. ಇಲ್ಲಿ ಮನೆಮಾತು ತುಳು, ಕೊಂಕಣಿ, ಮರಾಠಿ, ಮಲಯಾಳ, ಹವ್ಯಕ, ಬ್ಯಾರಿ, ಏನೂ ಇರಬಹುದು. ಕನ್ನಡ ಓದುವ ತಲೆಮಾರು ಹಿರಿದಾಗುತ್ತಿದೆ. ಅವರ ಮೊಮ್ಮಕ್ಕಳು ಕನ್ನಡ ಮಾತಾಡುತ್ತಾರೆ, ಓದಲು ತಡವರಿಸುತ್ತಾರೆ. ಈ ಸಲ ನಾವು ಪೋಸ್ಟರ್ ಬಿಟ್ಟು ಧ್ವನಿ ಸಂದೇಶ ಕಳಿಸಿದೆವು. ಭಾಗವತರೊಬ್ಬರು ಅರ್ಧ ನಿಮಿಷ ಕನ್ನಡದಲ್ಲಿ, ಅರ್ಧ ನಿಮಿಷ ತುಳುವಿನಲ್ಲಿ ಕರೆದರು. ಪೋಸ್ಟರಿಗೆ ಬರೀ ಕೈ ಮುಗಿಯುವ ಚಿತ್ರ ಉತ್ತರವಾಗಿ ಬರುತ್ತಿತ್ತು. ಇದಕ್ಕೆ ಜನ ಮಾತಾಡಿ ಉತ್ತರ ಕೊಟ್ಟರು.

ಸಂಘದ ಹೆಸರಲ್ಲೇ ಒಂದು ಸಿಮ್ ತೆಗೆದಿದ್ದೇವೆ. ರಿಜಿಸ್ಟರ್ ಕಪಾಟಿನಿಂದ ಹೊರಗೆ ಬಂದಿದೆ. ದಿನಕ್ಕೆ ಹತ್ತು ಮನೆಗೆ ಫೋನ್ ಮಾಡಿ, “ಈ ನಂಬರ್ ಸೇವ್ ಮಾಡ್ಕೊಳ್ಳಿ, ನಿಮ್ಮ ನಂಬರ್ ನಾವು ಇಟ್ಕೊಳ್ಬಹುದಾ?” ಅಂತ ಕೇಳುತ್ತಿದ್ದೇವೆ. 2023ರ ಡೇಟಾ ರಕ್ಷಣೆ ಕಾಯ್ದೆಯೂ ಒಪ್ಪಿಗೆ ಕೇಳಿ ಅನ್ನುತ್ತದೆ. ಹೆಚ್ಚಿನವರು ಆಗಲಿ ಅನ್ನುತ್ತಾರೆ. ನಿನ್ನೆ ಒಬ್ಬರು ಮಾತ್ರ ಸ್ವಲ್ಪ ಹೊತ್ತು ಸುಮ್ಮನಿದ್ದು ಕೇಳಿದರು: “ಎಂಟು ವರ್ಷ ಆಯ್ತಲ್ಲ, ಯಾರೂ ಕರೀಲಿಲ್ಲ. ನಮ್ಮ ಅಪ್ಪ ತೀರಿದ್ದು ನಿಮಗೆ ಗೊತ್ತುಂಟಾ?” ಗೊತ್ತಿರಲಿಲ್ಲ. ಅಂಚಿನಲ್ಲಿ ಪೆನ್ಸಿಲಿನಿಂದ ಬರೆದುಕೊಂಡೆ.