ಸಮವಸ್ತ್ರ ಕಳಚಿಟ್ಟು ಹಾಡು ಕಟ್ಟಿದ ಜನರಲ್

ಸೋವಿಯತ್ ಕಾಲದ ರಷ್ಯನ್ ಹಾಡುಗಳನ್ನು ಕೇಳಿ ಬೆಳೆದವರಿಗೆ ‘ಸ್ನೆಗೊಪಾದ್’ (ಹಿಮಪಾತ) ಎಂದರೆ ನಾನಿ ಬ್ರೆಗ್ವಾದ್ಝೆ ಅವರ ದನಿ. ನಡುವಯಸ್ಸಿನ ಹೆಣ್ಣೊಬ್ಬಳು ಸುರಿವ ಹಿಮಕ್ಕೆ ‘ನನ್ನ ಜಡೆಯ ಮೇಲೆ ಬೀಳಬೇಡ’ ಎಂದು ಕೇಳಿಕೊಳ್ಳುವ ಹಾಡು ಅದು. ಸಾಹಿತ್ಯ ಆಲ್ಲಾ ರುಸ್ತಾಯ್ಕಿಸ್ ಅವರದು. ರಾಗ ಹಾಕಿದ ಅಲೆಕ್ಸೆಯ್ ಎಕಿಮ್ಯಾನ್ ಪೊಲೀಸ್ ಇಲಾಖೆಯಲ್ಲಿ ಮೇಜರ್ ಜನರಲ್ ಆಗಿದ್ದವರು.

ಎಕಿಮ್ಯಾನ್ ಹುಟ್ಟಿದ್ದು 1927ರಲ್ಲಿ, ಅಜರ್‌ಬೈಜಾನಿನ ಬಾಕುವಿನ ಅರ್ಮೇನಿಯನ್ ಕುಟುಂಬದಲ್ಲಿ. ಆಗಿನ ಬಾಕು ತೈಲದ ಊರು. ಅಜರ್‌ಬೈಜಾನಿಗಳು, ಅರ್ಮೇನಿಯನ್ನರು, ರಷ್ಯನ್ನರು, ಯಹೂದಿಗಳು ಒಟ್ಟಿಗೆ ಬಾಳುತ್ತಿದ್ದರು. ಹೊಟ್ಟೆಪಾಡಿಗೆ ಎಕಿಮ್ಯಾನ್ ಹಿಡಿದದ್ದು ‘ಮಿಲಿಟ್ಸಿಯಾ’, ಅಂದರೆ ಸೋವಿಯತ್ ಪೊಲೀಸ್ ಕೆಲಸವನ್ನು. ಮೆರವಣಿಗೆಯ ಬ್ಯಾಂಡಿನ ಅಧಿಕಾರಿಯೇನೂ ಅಲ್ಲ. ಮಾಸ್ಕೋ ಪ್ರಾಂತ್ಯದ ಅಪರಾಧ ಪತ್ತೆ ವಿಭಾಗದಲ್ಲಿ ಕಳ್ಳರು, ಕೊಲೆಗಾರರ ಬೆನ್ನು ಹತ್ತುತ್ತಲೇ ಮೇಲೇರಿದವರು. ನಲವತ್ತು ದಾಟಿದ ಮೇಲೆ ಕೆಲಸ ಬಿಟ್ಟು ಪೂರ್ತಿ ಹಾಡಿಗೇ ನಿಂತರು.

ಪೊಲೀಸರಿಗೂ ಹಾಡಿಗೂ ಎಲ್ಲಿಯ ನಂಟು ಎಂದು ನಮಗೆ ಅನ್ನಿಸಬಹುದು. ಆ ಕಾಲದ ಮಾಸ್ಕೋದಲ್ಲಿ ಹಾಗೇನೂ ಇರಲಿಲ್ಲ. ಸೋವಿಯತ್ ನಾಯಕ ಬ್ರೆಝ್ನೆವ್‌ಗೆ ಆಪ್ತರಾಗಿದ್ದ ನಿಕೊಲಾಯ್ ಶ್ಚೆಲೊಕೊವ್ 1966ರಿಂದ 1982ರವರೆಗೆ ಪೊಲೀಸ್ ಖಾತೆಯ ಮಂತ್ರಿ. ಸಂಗೀತಗಾರರು, ಲೇಖಕರು, ಸಿನಿಮಾದವರೆಂದರೆ ಅವರಿಗೆ ಬಲು ಪ್ರೀತಿ. ಜನ ಪೊಲೀಸರಿಗೆ ಹೆದರಿದರೆ ಸಾಲದು, ಅವರನ್ನು ಮೆಚ್ಚಲೂ ಬೇಕು ಎಂಬ ಹಂಬಲ ಇಲಾಖೆಗಿತ್ತು. ಅದಕ್ಕಾಗಿ ಪತ್ತೇದಾರರೇ ನಾಯಕರಾದ ಟಿವಿ ಧಾರಾವಾಹಿಗಳು ಬಂದವು. ಪ್ರತಿ ನವೆಂಬರ್ 10ರ ಪೊಲೀಸ್ ದಿನದ ಸಂಗೀತ ಕಛೇರಿಯನ್ನು ಇಡೀ ದೇಶ ಟಿವಿ ಮುಂದೆ ಕುಳಿತು ನೋಡುತ್ತಿತ್ತು. ಆ ವೇದಿಕೆಗೆ ಕರೆ ಬಂತೆಂದರೆ ಗಾಯಕರಿಗೆ ಅದೇ ದೊಡ್ಡ ಮನ್ನಣೆ.

ಆದರೆ ಎಕಿಮ್ಯಾನ್ ಹೆಸರು ಉಳಿಸಿದ ಹಾಡುಗಳಲ್ಲಿ ಲಾಠಿಯ ನೆರಳೂ ಇಲ್ಲ. ಇಲಾಖೆಯ ಗುಣಗಾನಕ್ಕೆ ಇವರಿಗಿಂತ ತಕ್ಕವರು ಯಾರಿದ್ದರು? ಅವರ ಮನಸ್ಸು ಹರಿದದ್ದು ತಡವಾಗಿ ಬಂದ ಪ್ರೀತಿ, ಜಾರುತ್ತಿರುವ ವಯಸ್ಸಿನ ಕಡೆಗೆ. ಅಪರಾಧ ಲೋಕ ಕಂಡವರಿಗೆ ಇಷ್ಟು ಮೆದು ರಾಗ ಹೇಗೆ ಒಲಿಯಿತು ಎಂದು ಬೆರಗುಪಡುವವರಿದ್ದಾರೆ. ನನಗೆ ಅದು ಸಹಜವೆಂದೇ ತೋರುತ್ತದೆ: ದಿನವಿಡೀ ಅದನ್ನೇ ನೋಡಿದವರು ರಾತ್ರಿ ಪಿಯಾನೊ ಮುಂದೆ ಕೂತು ಮತ್ತೆ ಅದನ್ನೇ ಏಕೆ ನೆನೆಯಬೇಕು?

ಅವರ ಹಾಡುಗಳಿಗೆ ದನಿಯಾದವರಲ್ಲಿ ಇನ್ನೊಬ್ಬರು ಜಾರ್ಜಿಯಾದ ವಖ್ತಾಂಗ್ ಕಿಕಾಬಿದ್ಝೆ. ಶಾಸ್ತ್ರೀಯ ತಾಲೀಮಿನ ಕಂಠವಲ್ಲ. ಒರಟು, ಮಾತಾಡಿದಂತೆ ಹಾಡುವ ರೀತಿ. ಎಕಿಮ್ಯಾನ್ ರಾಗಗಳಿಗೆ ಅದೇ ಒಪ್ಪಿತು. ಕಿಕಾಬಿದ್ಝೆ ಹಾಡಿದ ‘ಪೊಝೆಲಾನಿಯೆ’ಗೆ (ಹಾರೈಕೆ) ಸಾಹಿತ್ಯ ರಷ್ಯಾದ ದಕ್ಷಿಣದ ದಾಗೆಸ್ತಾನದ ಅವಾರ್ ಭಾಷೆಯ ಕವಿ ರಸೂಲ್ ಗಮ್ಜಾತೊವ್ ಅವರದು. ಬಾಕುವಿನ ಅರ್ಮೇನಿಯನ್ನರ ರಾಗ, ಅವಾರ್ ಕವಿಯ ಮಾತು, ಜಾರ್ಜಿಯನ್ನರ ಕಂಠ. ಕೇಳುಗರಿಗೆ ತಲುಪಿದ್ದು ರಷ್ಯನ್ ಹಾಡಾಗಿ. ‘ರಷ್ಯನ್ ಜನಪ್ರಿಯ ಹಾಡು’ ಎಂದು ನಾವು ಒಂದೇ ಹೆಸರಿನಲ್ಲಿ ಕರೆಯುವುದರ ಒಳಗೆ ಕಾಕಸಸ್ ಬೆಟ್ಟಸಾಲಿನ ಪಾಲು ಎಷ್ಟಿದೆ ಎಂಬುದಕ್ಕೆ ಇದಕ್ಕಿಂತ ಸಾಕ್ಷಿ ಬೇಕಿಲ್ಲ.

1982ರ ವಸಂತದಲ್ಲಿ ಎಕಿಮ್ಯಾನ್ ತೀರಿಕೊಂಡರು, ಅರವತ್ತೂ ಆಗಿರಲಿಲ್ಲ. ಅದೇ ವರ್ಷ ನವೆಂಬರ್ 10ರಂದೇ ಬ್ರೆಝ್ನೆವ್ ಸತ್ತರು. ಪೊಲೀಸ್ ದಿನದ ಕಛೇರಿ ನಡೆಯಲಿಲ್ಲ. ಡಿಸೆಂಬರಿನಲ್ಲಿ ಶ್ಚೆಲೊಕೊವ್ ಪದವಿ ಕಳೆದುಕೊಂಡರು. ಭ್ರಷ್ಟಾಚಾರದ ಆರೋಪಗಳು ಸುತ್ತಿಕೊಂಡು, 1984ರಲ್ಲಿ ಗುಂಡು ಹಾರಿಸಿಕೊಂಡರು.

1990ರ ಜನವರಿಯ ಹತ್ಯಾಕಾಂಡದೊಂದಿಗೆ ಬಾಕುವಿನ ಅರ್ಮೇನಿಯನ್ ಬದುಕೇ ಮುಗಿಯಿತು. 2008ರಲ್ಲಿ ರಷ್ಯಾ–ಜಾರ್ಜಿಯಾ ಯುದ್ಧವಾದಾಗ ಕಿಕಾಬಿದ್ಝೆ ರಷ್ಯಾ ಕೊಟ್ಟ ‘ಸ್ನೇಹ ಪದಕ’ವನ್ನು ಬೇಡವೆಂದರು, ಮಾಸ್ಕೋದಲ್ಲಿ ನಡೆಯಬೇಕಿದ್ದ ತಮ್ಮ ಕಛೇರಿಯನ್ನೂ ಕೈಬಿಟ್ಟರು. 2023ರ ಜನವರಿಯಲ್ಲಿ ಅವರು ಟಿಬಿಲಿಸಿಯಲ್ಲಿ ತೀರಿಕೊಂಡರು.